ಮೂರನೇ ಸಿಲಿಂಡರಿನ ಸದ್ದು

ನನ್ನ ಅಕ್ಕನ ಗಂಡ ದೊಡ್ಡಉಳ್ಳಾರ್ತಿಯಲ್ಲಿ ಒಂದು ಹಳೆಯ ಜೀಪು ಇಟ್ಟುಕೊಂಡಿದ್ದರು. ಯಾವುದೋ ಇಲಾಖೆ ಹರಾಜು ಹಾಕಿದ್ದ ಗಾಡಿ ಅದು. ಬಸ್ಸು ಹೋಗದ ಹಟ್ಟಿಗಳಿಂದ ಜನರನ್ನು, ಹಾಲಿನ ಕ್ಯಾನುಗಳನ್ನು, ಸಂತೆಯ ದಿನ ಕುರಿಗಳನ್ನು ತುಂಬಿಕೊಂಡು ಹುಲ್ಲುಗಾವಲಿನ ಜಾಡಿನಲ್ಲಿ ಚಳ್ಳಕೆರೆಗೆ ಬರುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ, ಹಳ್ಳದ ಮರಳು ದಾಟುವಾಗ ಇಂಜಿನ್ನಿನ ಒಳಗೆ ಏನೋ ಮುರಿಯಿತು. ಬ್ಲಾಕಿನ ಪಕ್ಕೆ ಒಡೆದು ಎಣ್ಣೆಯೆಲ್ಲ ಮರಳಿಗೆ ಸುರಿಯಿತು. ರಿಪೇರಿಯ ಮಾತು ಅಲ್ಲಿಗೆ ಮುಗಿಯಿತು. ಬೇರೆ ಇಂಜಿನ್ ಕೂರಿಸಲೇಬೇಕು.

ಭಾವನಿಗೆ ಆ ಜೀಪು ಬಿಟ್ಟರೆ ಬೇರೆ ದುಡಿಮೆ ಇರಲಿಲ್ಲ. ಇದ್ದಬದ್ದದ್ದೆಲ್ಲ ಕೂಡಿಸಿದರೆ ಒಂದು ಹಳೆಯ ಡೀಸೆಲ್ ಇಂಜಿನ್ ಬರುತ್ತಿತ್ತು. ಅದು ಕೈಕೊಟ್ಟರೆ ಎರಡನೆಯದು ಬರುತ್ತಿರಲಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅಕ್ಕ ಮಾತ್ರ ತವರಿಗೆ ಬಂದವಳು ಅಪ್ಪನ ಎದುರು ಕೂತು, "ಅಪ್ಪಾ, ನೀನೇ ನೋಡಿ ಕೊಡ್ಸು. ನೀನು ಹೇಳಿದ್ದನ್ನೇ ತಗಂತಾರೆ" ಎಂದಿದ್ದಳು.

ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಇಂಜಿನ್ ಡ್ರೈವರ್ ಆಗಿದ್ದ. ಶೇಂಗಾ ಗಾಣಗಳನ್ನು ತಿರುಗಿಸುವ ದೊಡ್ಡ ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ, ತಗಡಿನ ಕೋಣೆಯೊಳಗೆ ಇಡೀ ದಿನ ನಿಲ್ಲುವ ಕೆಲಸ. ಬಿಟ್ಟು ಬಂದ ಮೇಲೂ ಬಳ್ಳಾರಿ ರಸ್ತೆಯ ಗುಜರಿ ಅಂಗಡಿಗಳಲ್ಲಿ ಅವನಿಗೆ ಮರ್ಯಾದೆ ಇತ್ತು. ಹಳೇ ಇಂಜಿನ್ ಕೊಳ್ಳುವವರು ಮನೆಗೆ ಬಂದು ಕರೆದೊಯ್ಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು ಕೇಳುತ್ತಿದ್ದ. ಕೊನೆಗೆ "ಆಗ್ಲಿ" ಅನ್ನುತ್ತಿದ್ದ, ಇಲ್ಲವೇ ಸುಮ್ಮನೆ ಎದ್ದು ಹೋಗುತ್ತಿದ್ದ. "ಆಗ್ಲಿ" ಅಂದ ಮೇಲೆ ಕೊಳ್ಳುವವನು ಚೌಕಾಸಿ ಮಾಡುವಂತಿರಲಿಲ್ಲ, ಮಾರುವವನು ಇನ್ನೊಬ್ಬರಿಗೆ ಕೊಡುವಂತಿರಲಿಲ್ಲ. ಅಂಗಡಿಯವರು ಸೀಮೆಸುಣ್ಣ ತೆಗೆದು ಬ್ಲಾಕಿನ ಮೇಲೆ ಕೊಂಡವನ ಊರಿನ ಹೆಸರು ಬರೆದರೆ ವ್ಯಾಪಾರ ಮುಗಿಯಿತು.

ನಾನಾಗ ಜಿಲ್ಲೆಯ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಆ ದಿನ ಅಪ್ಪನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವುದಷ್ಟೇ ನನ್ನ ಕೆಲಸವಾಗಿತ್ತು. ನೋಡಬೇಕಾದ ಇಂಜಿನ್‌ಗಳು ಎರಡು. ಒಂದು ಬಳ್ಳಾರಿ ರಸ್ತೆಯ ಗುಜರಿಯೊಂದರಲ್ಲಿ, ಅಪಘಾತವಾದ ವ್ಯಾನಿನಿಂದ ಬಿಚ್ಚಿದ್ದು. ಇನ್ನೊಂದು ಮೊಳಕಾಲ್ಮೂರಿನ ಒಬ್ಬರ ಹಿತ್ತಲಿನಲ್ಲಿ. ಭಾವ ಊರಿನಿಂದ ನೇರವಾಗಿ ಗುಜರಿಗೆ ಬಂದಿದ್ದರು.

ಗುಜರಿಯವರು ಇಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಡ್ರಮ್ಮಿನಿಂದ ನೀರಿನ ಪೈಪು ಎಳೆದು, ಡೀಸೆಲ್ ಡಬ್ಬಿಯನ್ನು ಮೇಲೆ ನೇತುಹಾಕಿದ್ದರು. ಹಸಿರು ಬಣ್ಣ ಹೊಡೆದು ಹೊಸದರಂತೆ ಕಾಣುತ್ತಿತ್ತು. ಅಂಗಡಿಯ ಮೆಕ್ಯಾನಿಕ್ ಚಾಲೂ ಮಾಡಿದ. ಅಪ್ಪ ಹೊಗೆ ನೋಡಿದ. ಎಣ್ಣೆ ಹಾಕುವ ಮುಚ್ಚಳ ತೆಗೆದು ಬಾಯಿಗೆ ಅಂಗೈ ಹಿಡಿದು ಗಾಳಿ ಒತ್ತುತ್ತದೆಯೇ ಎಂದು ನೋಡಿದ. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡ. ಹಿಡಿಯನ್ನು ಕಿವಿಯ ಹತ್ತಿರ ಒಯ್ದವನು, ನಮ್ಮ ಕಡೆಗೆ ಬೆನ್ನು ತಿರುಗಿಸಿ, ಹಲ್ಲಿನಲ್ಲಿ ಕಚ್ಚಿಕೊಂಡ.

ನಾನು ಪಕ್ಕಕ್ಕೆ ನಿಂತಿದ್ದರಿಂದ ನನಗೆ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ ನನಗೆ ಇಂಜಿನ್ನಿನ ಗದ್ದಲದ ಒಳಗಿನಿಂದ ಇನ್ನೊಂದು ಸದ್ದು ಕೇಳುತ್ತಿತ್ತು. ಸಣ್ಣದು, ಗಟ್ಟಿಯಾದದ್ದು, ಒಂದೇ ಅಂತರದಲ್ಲಿ ಬರುತ್ತಿದ್ದ ಟಕ್, ಟಕ್. ಮೆಕ್ಯಾನಿಕ್ಕಿನ ಮುಖ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಕೂಡಲೇ ಕಣ್ಣು ತಗ್ಗಿಸಿ ಸ್ಪ್ಯಾನರ್ ಒರೆಸತೊಡಗಿದ.

"ಆಗ್ಲಿ" ಎಂದ ಅಪ್ಪ.

ಭಾವ ಕೈಮುಗಿದರು. ಅಂಗಡಿಯ ಮಾಲೀಕ ಸಾಹೇಬರು ಬ್ಲಾಕಿನ ಮೇಲೆ ದಪ್ಪಕ್ಷರದಲ್ಲಿ "ಉಳ್ಳಾರ್ತಿ" ಎಂದು ಬರೆದರು. "ಮಿಲ್ಲಿನಣ್ಣ ಹ್ಞೂಂ ಅಂದ ಮೇಲೆ ಖತಂ. ಮೊಳಕಾಲ್ಮೂರಿಗೆ ಯಾಕ್ರಿ ಹೋಗ್ತೀರಾ, ಬಿಸ್ಲು ಕಾಯಾಕಾ?" ಎಂದು ಚಹಾ ತರಿಸಿದರು. ಊರಿನ ಟ್ರ್ಯಾಕ್ಟರೊಂದು ಎರಡು ಗಂಟೆಗೆ ವಾಪಸ್ ಹೋಗುವುದಿತ್ತು. ಅದರಲ್ಲೇ ಇಂಜಿನ್ ಸಾಗಿಸುವುದೆಂದು ಭಾವ ನಿಶ್ಚಯಿಸಿಬಿಟ್ಟರು. ಆಗ ಹನ್ನೆರಡೂವರೆ.

ಚಹಾ ಕುಡಿಯುವಾಗ ಮೆಕ್ಯಾನಿಕ್ಕನ್ನು ಟೈರುಗಳ ಹಿಂದಕ್ಕೆ ಕರೆದು ಕೇಳಿದೆ.

"ನಿಮ್ಗೂ ಕೇಳಿಸ್ತಲ್ಲ?"

"ನಿಮ್ಮಪ್ಪಾರು ಕೇಳಿದ ಮ್ಯಾಗೆ ನಾನ್ಯಾರು ಸಾರ್ ಕೇಳಾಕೆ?"

"ಸದ್ದು ಐತೋ ಇಲ್ಲೋ, ಅಷ್ಟೇ ಹೇಳಿ."

"ಐತೆ. ಏನ್ ಸದ್ದು ಅಂತ ನಂಗ್ ಗೊತ್ತಿಲ್ಲ. ಅವ್ರಿಗ್ ಗೊತ್ತಿರ್ತದೆ, ಪರವಾಗಿಲ್ಲ ಅಂದಿರ್ತಾರೆ ಅಂದ್ಕಂಡೆ."

ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಆದರೆ ಹಲ್ಲಿಗೆ ಹಿಡಿದದ್ದು ಕಣ್ಣಿನಿಂದ ಹೋಗಲಿಲ್ಲ. ಮನೆಯಲ್ಲಿ ಕೆಲವು ತಿಂಗಳಿಂದ ಅವ್ವ ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದಳು. ಎರಡನೇ ಸಲ ಅಪ್ಪನ ಎದುರಿಗೆ ಬಂದು ಹೇಳುತ್ತಿದ್ದಳು. ನಾನು ಅದನ್ನು ನೋಡಿದ್ದೆ, ಅದಕ್ಕೊಂದು ಅರ್ಥ ಹಚ್ಚಿರಲಿಲ್ಲ.

ಅಪ್ಪನಿಗೆ ಹೇಳಬೇಕಿತ್ತು. ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಪಿಸುಗುಟ್ಟಿದರೆ ಅವನಿಗೆ ಕೇಳುವುದಿಲ್ಲ. ಅವನಿಗೆ ಕೇಳುವಂತೆ ಹೇಳಿದರೆ ಅಂಗಡಿಗೆಲ್ಲ ಕೇಳುತ್ತದೆ. ಬೇವಿನ ಮರದ ಕೆಳಗೆ ಒಬ್ಬನೇ ಬೀಡಿ ಹಚ್ಚುತ್ತಿದ್ದ ಅವನ ಹತ್ತಿರ ಹೋಗಿ, ಜೇಬಿನ ನೋಟ್‌ಬುಕ್ ತೆಗೆದು ಬರೆದೆ: "ಇಂಜಿನ್ ಒಳಗೆ ಟಕ್ ಟಕ್ ಸದ್ದು ಐತೆ. ನನಗೆ ಕೇಳಿಸಿತು, ಮೆಕ್ಯಾನಿಕ್ಕಿಗೂ ಕೇಳಿಸಿತು. ನಿನಗೆ ಕೇಳಿಸಿತಾ?"

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಎರಡು ಸಲ ಓದಿದ. ಬೀಡಿ ಕೆಂಡ ಬೆರಳಿನ ಹತ್ತಿರ ಬಂದರೂ ಎಸೆಯಲಿಲ್ಲ. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ.

"ದಪ್ಪ ಸದ್ದು ಹಲ್ಲಿಗೆ ಬರ್ತದೆ" ಎಂದ ಕೊನೆಗೆ. "ಸಣ್ಣದು ಬರಲ್ಲ." ಬೀಡಿ ಎಸೆದು ಕೇಳಿದ, "ಯಾವಾಗ ಬಂತು? ಸಣ್ಣಗೆ ಓಡ್ವಾಗಲೋ, ಜೋರು ಮಾಡ್ದಾಗಲೋ?"

"ಸಣ್ಣಗೆ ಓಡ್ವಾಗ. ಜೋರ್ ಮಾಡಿದ್ರೂ ಇತ್ತು ಅನ್ಸುತ್ತೆ."

"ಅನ್ಸೋದು ಬೇಡ. ನಡಿ."

ಒಳಗೆ ಬಂದು ಇಂಜಿನ್ನನ್ನು ಮತ್ತೆ ಚಾಲೂ ಮಾಡಲು ಹೇಳಿದ. ಸಾಹೇಬರು ನಕ್ಕರು. "ಬರ್ದಾಯ್ತಲ್ಲಣ್ಣಾ, ಇನ್ನೇನ್ ನೋಡ್ತೀರಿ, ನಂಬರ್ ಸರಿ ಐತಾ ಅಂತನಾ?"

"ನಾನ್ ಹೇಳಿದ್ದಕ್ಕೆ ತಾನೆ ಬರ್ದಿದ್ದು? ನಾನೇ ಇನ್ನೊಂದ್ ಸಲ ನೋಡ್ತೀನಿ."

ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟ. ಭಾವ ಲೋಟ ಹಿಡಿದವರು ಹಾಗೇ ನಿಂತರು. ಸದ್ದು ಇದ್ದರೆ ಬೆರಳು ಎತ್ತು, ನಿಂತರೆ ಇಳಿಸು ಎಂದು ನನಗೆ ತೋರಿಸಿ, ಸಿಲಿಂಡರುಗಳಿಗೆ ಡೀಸೆಲ್ ಹೋಗುವ ಪೈಪಿನ ನಟ್‌ಗಳನ್ನು ಒಂದೊಂದಾಗಿ ಸಡಿಲಿಸಲು ಮೆಕ್ಯಾನಿಕ್ಕಿಗೆ ಹೇಳಿದ. ನಟ್ ಸಡಿಲಿಸಿದ ಸಿಲಿಂಡರ್ ಉರಿಯುವುದಿಲ್ಲ, ಸದ್ದು ಅದರದ್ದಾಗಿದ್ದರೆ ನಿಲ್ಲುತ್ತದೆ. ಒಂದನೆಯದರಲ್ಲಿ ನನ್ನ ಬೆರಳು ಮೇಲೆಯೇ ಇತ್ತು. ಎರಡನೆಯದರಲ್ಲೂ. ಮೂರನೆಯದನ್ನು ಸಡಿಲಿಸಿದಾಗ ಡೀಸೆಲ್ ಚಿಮ್ಮಿತು, ಟಕ್ ಟಕ್ ನಿಂತಿತು. ಬೆರಳು ಇಳಿಸಿದೆ. ಅಪ್ಪ ಇಂಜಿನ್ ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ.

"ಮೂರ್ನೇದು. ನಾಜಲ್ ಕೆಟ್ಟಿದ್ರೂ ಹಿಂಗೇ ಆಗ್ತದೆ, ಒಳಗಿನ ಬೇರಿಂಗ್ ಸವೆದಿದ್ರೂ ಹಿಂಗೇ" ಎಂದ. ನಾಜಲ್ ಅಂದರೆ ಸಿಲಿಂಡರಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಭಾಗ. ಕೆಟ್ಟರೆ ಬದಲಾಯಿಸಬಹುದು. ಬೇರಿಂಗ್ ಹೋಗಿದ್ದರೆ ಇಡೀ ಇಂಜಿನ್ ಬಿಚ್ಚಬೇಕು. "ಮೂರ್ನೇದರ ನಾಜಲ್ ತೆಗ್ದು ಒಂದನೇದಕ್ಕೆ ಹಾಕು. ಸದ್ದು ಅದರ ಜೊತೇಗೆ ಹೋದ್ರೆ ಇಂಜಿನ್ ಒಳ್ಳೇದು."

ಬಿಸಿ ಇಂಜಿನ್ನಿನಲ್ಲಿ ಕೈ ಸುಟ್ಟುಕೊಳ್ಳುತ್ತ ಮೆಕ್ಯಾನಿಕ್ ಅರ್ಧ ಗಂಟೆ ತೆಗೆದುಕೊಂಡ. ಟ್ರ್ಯಾಕ್ಟರ್ ಆಗಲೇ ಬಂದು ಹೊರಗೆ ಹಾರನ್ ಹೊಡೆಯುತ್ತಿತ್ತು. ಭಾವ ನನ್ನ ಹತ್ತಿರ ಬಂದು, "ಏನೋ ಇದು? ಒಂದ್ಸಲ ಆಗ್ಲಿ ಅಂದೋರು ಯಾಕೆ ಹಿಂಗ್ ಮಾಡ್ತಾವ್ರೆ?" ಎಂದು ಕೇಳಿದರು.

ಮತ್ತೆ ಚಾಲೂ ಆಯಿತು. ಒಂದನೆಯ ನಟ್ ಸಡಿಲಿಸಿದರು, ಸದ್ದು ನಿಲ್ಲಲಿಲ್ಲ. ಮೂರನೆಯದನ್ನು ಸಡಿಲಿಸಿದರು, ನಿಂತಿತು. ಬೆರಳು ಇಳಿಸಲು ನನಗೆ ಮನಸ್ಸಿರಲಿಲ್ಲ. ಇಳಿಸಿದೆ.

ಅಪ್ಪ ಇಂಜಿನ್ ನಿಲ್ಲಿಸಲು ಕೈ ಮಾಡಿದ.

"ಸಾಬ್ರೇ, ನಾನ್ ಆಗ್ಲಿ ಅಂದಿದ್ದು ತಪ್ಪಾಯ್ತು. ಒಳಗೆ ಬೇರಿಂಗ್ ಹೋಗೈತೆ. ಆ ಸದ್ದು ನಂಗೆ ಕೇಳ್ಸಿಲ್ಲ. ಈಗ್ಲೂ ಕೇಳ್ತಿಲ್ಲ."

"ಮಾತು ಕೊಟ್ಟು ವಾಪಸ್ ತಗಂಡೋರು ಈ ಅಂಗ್ಡೀಲಿ ಯಾರೂ ಇಲ್ಲಣ್ಣ" ಎಂದರು ಸಾಹೇಬರು. ದನಿಯಲ್ಲಿ ನಗು ಇರಲಿಲ್ಲ.

"ಹಂಗಾದ್ರೆ ನಾನೇ ಮೊದ್ಲನೇಯೋನು."

ಸಾಹೇಬರು ಹೆಗಲ ಮೇಲಿನ ಬಟ್ಟೆಯನ್ನು ಡ್ರಮ್ಮಿನಲ್ಲಿ ಅದ್ದಿ ಬ್ಲಾಕಿನ ಮೇಲಿನ ಅಕ್ಷರ ಒರೆಸಿದರು. ಒರೆಸುತ್ತಲೇ ಕೇಳಿದರು: "ಹೋದ್ ವರ್ಷ ಬಿ.ಜಿ. ಕೆರೆಗೆ ಒಂದ್ ಕೊಡ್ಸಿದ್ರಿ, ಪಂಪಿಗೆ. ಅದು?"

"ಅದನ್ನೂ ನೋಡ್ಬೇಕು" ಎಂದ ಅಪ್ಪ.

ಹೊರಗೆ ಬಂದ ಮೇಲೆ ಭಾವ ಕೋಪ ತೋರಿಸಿದ್ದು ನನ್ನ ಮೇಲೆ. "ನಿಂಗ್ ಕೇಳಿದ್ರೆ ಅಲ್ಲೇ ಹೇಳಕ್ಕಾಗ್ತಿರ್ಲಿಲ್ವಾ? ಟ್ರ್ಯಾಕ್ಟರಿಗೆ ಏರ್ಸಿದ್ರೆ ಏನ್ ಮಾಡ್ತಿದ್ದೆ? ಪೇಪರಿನಾಗೆ ಬರೀತಿದ್ದಾ?" ಚಹಾ ಮುಗಿಯುವವರೆಗೆ ನಾನು ಅಪ್ಪನಿಗೆ ಹೇಳದೆ ಇದ್ದದ್ದು ನಿಜ.

ಮರುದಿನ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸಿನಲ್ಲಿ ಮೂವರೂ ಹೊರಟೆವು. ಅಪ್ಪನ ಹಟಕ್ಕೆ ದಾರಿಯಲ್ಲಿ ಸಿಗುವ ಬಿ.ಜಿ. ಕೆರೆ ಎಂಬ ಊರಿನಲ್ಲಿ ಇಳಿದೆವು. ಹೊಲದಲ್ಲಿ ಪಂಪು ಓಡುತ್ತಿತ್ತು. ಯಜಮಾನ ಗಾಬರಿಯಾಗಿ, "ಏನ್ ಮಿಲ್ಲಿನಣ್ಣ, ಹೇಳ್ದೆ ಕೇಳ್ದೆ ಬಂದೀರಿ. ಇಂಜಿನ್ ವಾಪಸ್ ಒಯ್ಯಾಕ್ ಬಂದ್ರಾ?" ಎಂದ. ಅಪ್ಪ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟ. ನನಗೆ ಕೆಟ್ಟದ್ದೇನೂ ಕೇಳಿಸಲಿಲ್ಲ. ಅಪ್ಪ ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡು, ಬಹಳ ಹೊತ್ತು ಒರೆಸಿಕೊಳ್ಳದೆ ಕೂತಿದ್ದ.

ಮೊಳಕಾಲ್ಮೂರಿನ ಮನೆ ನೇಕಾರರದ್ದು. ಮಾಲೀಕನ ಜೀಪು ತುಕ್ಕು ಹಿಡಿದು ಹೋಗಿತ್ತು. ಇಂಜಿನ್ ಮಾತ್ರ ಬಿಚ್ಚಿ, ಹಿತ್ತಲಿನ ಚಪ್ಪರದಡಿ ಮರದ ದಿಮ್ಮಿಗಳ ಮೇಲೆ ಇಟ್ಟಿದ್ದ. ಬಣ್ಣವಿಲ್ಲ, ಮೈತುಂಬ ಜಿಡ್ಡು, ಧೂಳು. "ಇದು ಬಾಗುಂದಿ ಅಣ್ಣಾ, ಚೆನ್ನಾಗೈತೆ. ಅಂದ ಇಲ್ಲ, ಅಷ್ಟೇ. ನನ್ ಹಂಗೆ" ಎಂದು ನಕ್ಕ. ಅಪ್ಪ ಮೊದಲು ಬ್ಲಾಕಿನ ಮೇಲೆ ಅಂಗೈ ಇಟ್ಟ. ನಾವು ಬರುವ ಮುಂಚೆ ಯಾರೂ ಓಡಿಸಿ ಬಿಸಿ ಮಾಡಿಲ್ಲವೆಂದು ಖಾತ್ರಿ ಮಾಡಿಕೊಂಡ. ಮಾಲೀಕ ಚಾಲೂ ಮಾಡಿದ ಮೇಲೆ ಹೊಗೆ ನೋಡಿದ, ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜಿದ, ಮುಚ್ಚಳ ತೆಗೆದು ಅಂಗೈ ಹಿಡಿದ. ಆಮೇಲೆ ನನ್ನನ್ನು ನೋಡಿದ.

ಸ್ಕ್ರೂಡ್ರೈವರ್ ಕಿವಿಗಿಟ್ಟ ಕೂಡಲೇ ಕೇಳಿಸಿತು. ಟಕ್, ಟಕ್.

ಭಾವ ನನ್ನ ಮುಖ ಓದಿಬಿಟ್ಟರು, ಗೋಡೆಗೆ ಒರಗಿ ಕೂತರು. ಇದೂ ಹೋದರೆ ಬೇರೆ ಇಂಜಿನ್ ನೋಡಿರಲಿಲ್ಲ. ಅಪ್ಪ ಹತ್ತಿರ ಬಂದು ಕೇಳಿದ.

"ಒಂದೇ ಸಮ ಬರ್ತೈತಾ?"

ಮತ್ತೆ ಕೇಳಿದೆ. ಒಂದೇ ಸಮ ಇರಲಿಲ್ಲ. ನಾಲ್ಕಾರು ಸಲ ಬಂದು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಹೇಳಿದೆ.

"ಇಂಜಿನ್ ಸದ್ದು ನಿಂತ್ ನಿಂತ್ ಬರಲ್ಲ. ಸ್ಕ್ರೂಡ್ರೈವರ್ ತೆಗಿ. ಈಗ?"

ತೆಗೆದರೂ ಸದ್ದು ಇತ್ತು. ಮನೆಯೊಳಗಿನಿಂದ ಬರುತ್ತಿತ್ತು. ಗೋಡೆಯಾಚೆ ಮಾಲೀಕನ ಹೆಂಡತಿ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ದಾರ ಹರಿದಾಗ ನಿಲ್ಲಿಸಿ, ಕಟ್ಟಿ, ಮತ್ತೆ ಶುರು ಮಾಡುತ್ತಿದ್ದರು. ಮಗ್ಗ ಸ್ವಲ್ಪ ನಿಲ್ಲಿಸಲು ಕೇಳಿಕೊಂಡೆವು. "ಇಂಜಿನ್ ಕೊಳ್ಳೋಕ್ ಬಂದೋರು ನನ್ ಮಗ್ಗ ಯಾಕ್ ನಿಲ್ಲಿಸ್ತೀರಪ್ಪಾ" ಎಂದು ಒಳಗಿನಿಂದಲೇ ಕೂಗಿದರು, ಆದರೂ ನಿಲ್ಲಿಸಿದರು.

ಸಣ್ಣಗೆ ಓಡಿಸಿ ಕೇಳಿದೆ. ಜೋರು ಮಾಡಿಸಿ ಕೇಳಿದೆ. ನಟ್‌ಗಳನ್ನು ಒಂದೊಂದಾಗಿ ಅಪ್ಪನೇ ಸಡಿಲಿಸಿದ, ನಾಲ್ಕರಲ್ಲೂ ಕೇಳಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಇಲ್ಲದ ಸದ್ದುಗಳೆಲ್ಲ ಇದ್ದಂತೆ, ಇದ್ದದ್ದೊಂದು ತಪ್ಪಿಹೋದಂತೆ ಅನಿಸುತ್ತಿತ್ತು. ಕೊನೆಗೆ ಎದ್ದು ನಿಂತೆ.

"ಬೇರೇನೂ ಸದ್ದಿಲ್ಲ" ಎಂದೆ.

"ಇಲ್ಲ ಅಂತೀಯೋ, ಕೇಳ್ಸಿಲ್ಲ ಅಂತೀಯೋ?"

"ಕೇಳ್ಸಿಲ್ಲ."

"ಹಂಗ್ ಹೇಳು." ಅಪ್ಪ ಕೈ ಒರೆಸಿಕೊಂಡು ಭಾವನ ಕಡೆ ತಿರುಗಿದ. ಮಾಲೀಕನೂ "ಆಗ್ಲಿ" ಎಂಬ ಮಾತಿಗಾಗಿ ಕಾಯುತ್ತಿದ್ದದ್ದು ಕಾಣುತ್ತಿತ್ತು. ಅಪ್ಪ ಆ ಮಾತು ಹೇಳಲಿಲ್ಲ. "ನೋಡಪ್ಪಾ, ಹೊಗೆ, ಎಣ್ಣೆ, ಗಾಳಿ ನಾನ್ ನೋಡೀನಿ, ಚೆನ್ನಾಗದಾವೆ. ಸದ್ದು ನಾನ್ ಕೇಳಿಲ್ಲ, ಇವ್ನು ಕೇಳ್ಯಾನೆ. ಇವ್ನಿಗೆ ಇದು ಎರಡ್ನೇ ದಿನ. ತಗೊಳ್ಳೋದು ಬಿಡೋದು ನಿಂದು."

ಭಾವ ಎದ್ದು ಬಂದು ಸ್ಕ್ರೂಡ್ರೈವರ್ ಇಸಿದುಕೊಂಡು ತಮ್ಮ ಕಿವಿಗೂ ಇಟ್ಟು ನೋಡಿದರು. ಅವರಿಗೆ ಏನು ಕೇಳಿಸಿತೋ ಹೇಳಲಿಲ್ಲ. ಇಂಜಿನ್ನಿನ ಸುತ್ತ ಎರಡು ಸುತ್ತು ಬಂದರು. ಗೋಡೆಯ ಆಚೆಯಿಂದ, "ನಿಲ್ಸೇ ಇರ್ಲಾ, ನೇಯ್ಲಾ?" ಎಂದು ದನಿ ಬಂತು.

"ನೇಯಿರಮ್ಮ" ಎಂದು ಭಾವ ಗಟ್ಟಿಯಾಗಿ ಹೇಳಿ, ಮಾಲೀಕನನ್ನು ಇಂಜಿನ್ ಕಟ್ಟಲು ಹಗ್ಗ ಇದೆಯೇ ಎಂದು ಕೇಳಿದರು.