ಬಾಗಿಲಾಚೆಯ ಸ್ಟೂಲು

ಅಣ್ಣತಮ್ಮಂದಿರಿಬ್ಬರದೂ ಒಂದೇ ಕಸುಬು. ತಮ್ಮನನ್ನು ಎಲ್ಲರೂ ಟೈಲರ್ ಎಂದೇ ಕರೆಯುತ್ತಿದ್ದರು. ಅಳತೆ, ಕತ್ತರಿ, ಮಷೀನು ಅವನ ಪಾಲು. ಕೈಹೊಲಿಗೆ ಅಣ್ಣನದು: ಅಂಚು ಮಡಚುವುದು, ಗುಂಡಿ ಹಾಕುವುದು, ಗುಂಡಿ ತೂರಿಸುವ ಕಾಜಾ ತೆಗೆಯುವುದು. ಹಾಗಾಗಿ ಅವನಿಗೆ ಕಾಜಾ ಅಣ್ಣ ಎಂಬ ಹೆಸರು ಬಿದ್ದು, ಸ್ವಂತ ಹೆಸರು ಮನೆಯವರಿಗೂ ಮರೆತುಹೋಗಿತ್ತು. ಅವನಿಗೆ ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲೇ ಇದ್ದ.

ಹಳೆಯ ಅಂಗಡಿ ಬೀದಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕಾಜಾ ಅಣ್ಣ ತನ್ನ ಮರದ ಸ್ಟೂಲನ್ನು ಹೊರಗೆ ಹಾಕಿಕೊಳ್ಳುತ್ತಿದ್ದ. ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ಕಣ್ಣಿಗೆ ಸಿಗುವುದಿಲ್ಲ, ಹಸಿರು ನೀಲಿಯಾಗಿ ಮೋಸ ಮಾಡುತ್ತದೆ. ದಾರದ ಬಣ್ಣ ಬಟ್ಟೆಗೆ ಹೊಂದುತ್ತದೋ ಇಲ್ಲವೋ ಎಂದು ಬಿಸಿಲಿನ ಬೆಳಕಿಗೆ ಹಿಡಿದೇ ನೋಡಬೇಕು. ಅವನು ನಾಲ್ಕು ಹೊಲಿಗೆ ಹಾಕಿ, ತಲೆ ಎತ್ತಿ ಎದುರಿನ ಮರವನ್ನೊಮ್ಮೆ ನೋಡಿ, ಮತ್ತೆ ಸೂಜಿಗೆ ಮರಳುತ್ತಿದ್ದ. ದಾರಿಹೋಕರನ್ನು ಕರೆದು, ನಿಮ್ಮ ಪ್ಯಾಂಟಿನ ಅಂಚು ಬಿಚ್ಚಿದೆ, ಮುಗ್ಗರಿಸೀರಿ ಎನ್ನುತ್ತಿದ್ದ. ಸಂಜೆ ಹೊಟ್ಟೆ ತುಂಬ ಉಂಡು, ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ.

ವ್ಯಾಪಾರ ಕುದುರಿತು. ಟೈಲರ್ ದೊಡ್ಡ ಕಟ್ಟಡವೊಂದರ ನೆಲಮಾಳಿಗೆಗೆ ಅಂಗಡಿ ಬದಲಾಯಿಸಿದ. ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ, ಬಟ್ಟೆ ಹಾಕಿ ನೋಡಲು ಪರದೆಯ ಮರೆ. ಕಿಟಕಿ ಒಂದೂ ಇಲ್ಲ. ಕಾಜಾ ಅಣ್ಣ ಮೊದಲ ದಿನವೇ ಸ್ಟೂಲನ್ನು ಹೊತ್ತು ಮೆಟ್ಟಿಲು ಹತ್ತಿ, ಮೇಲೆ ಬೀದಿಯಂಚಿನಲ್ಲಿ ಕೂತ. ಕೋಟಿಗೆ ಅಳತೆ ಕೊಡಲು ಬಂದ ವಕೀಲರೊಬ್ಬರು ಅವನನ್ನು ದಾಟಿ ಇಳಿದುಬಂದು, “ಏನಪ್ಪಾ, ಅಷ್ಟು ಖರ್ಚು ಮಾಡಿ ಒಳಗೆ ಕೂರೋಕೆ ಜಾಗ ಬಿಡ್ಲಿಲ್ವಾ?” ಎಂದು ನಕ್ಕರು. ತಮಾಷೆಗೆ ಆಡಿದ ಮಾತು. ಆದರೂ ಟೈಲರನಿಗೆ ಕಿವಿಯವರೆಗೆ ಬಿಸಿಯೇರಿತು. ಅವರು ಹೋಗುವುದನ್ನೇ ಕಾದು ಮೇಲೆ ಹೋದ.

“ಅಣ್ಣ, ಒಳಗೆ ಬಾ. ಬೀದಿ ಬದಿ ರಿಪೇರಿಯವನ ಥರ ಕಾಣ್ತೀಯ. ಗಿರಾಕಿಗಳ ಮುಂದೆ ನನ್ನ ಮಾನ ತೆಗೀಬೇಡ.”

ಕಾಜಾ ಅಣ್ಣ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, ಸ್ಟೂಲನ್ನು ಕಂಕುಳಲ್ಲಿ ಇರಿಸಿಕೊಂಡು ಇಳಿದ. ಕನ್ನಡಿಯ ಹಿಂದಿನ ಮೂಲೆ ಅವನ ಜಾಗವಾಯಿತು. ಬಿಸಿಲಿನಂತೆಯೇ ಬೆಳಗುತ್ತದೆಂದು ಅಂಗಡಿಯವನು ಹೇಳಿದ ಒಂದು ದೀಪವನ್ನು ಟೈಲರ್ ತಂದು ಅವನ ತಲೆಯ ಮೇಲೆ ತೂಗುಹಾಕಿದ. ದೊಡ್ಡ ಉಪಕಾರ ಮಾಡಿದೆನೆಂದೇ ಅಂದುಕೊಂಡ.

ಬೆಳಕು ಹರಿಯುವಷ್ಟರಲ್ಲಿ ಇಳಿಯುವುದು, ಕತ್ತಲಾದ ಮೇಲೆ ಹತ್ತುವುದು. ಒಂದೆರಡು ವರ್ಷ ಹೀಗೇ ಕಳೆಯಿತು. ಅಣ್ಣನ ಗೊರಕೆ ನಿಂತಿತು. ಹಾಸಿಗೆಯಲ್ಲಿ ಎದ್ದು ಕೂತಿರುತ್ತಿದ್ದ. ಸೊಂಟ ಹಿಡಿಯಿತು, ಮಂಡಿ ನೋಯಿತು. ಸದಾ ಏನಾದರೂ ಹೇಳುತ್ತಿದ್ದ ಬಾಯಿ ಉಪ್ಪು ಕೇಳುವುದಕ್ಕೂ ತೆರೆಯದಾಯಿತು. ಒಂದು ದಿನ ಕಾಜಾ ಓರೆಯಾಯಿತು. ಟೈಲರ್ ಅದನ್ನು ಬಿಚ್ಚಿ ತಾನೇ ಹೊಲಿದ, ಅಣ್ಣ ಅದನ್ನು ನೋಡಿಯೂ ನೋಡದಂತೆ ಕೂತ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಡಿ ವಿಟಮಿನ್ ತಳ ಕಂಡಿದೆ, ಮಾತ್ರೆ ಕೊಡುತ್ತೇನೆ, ಆದರೆ ಮಾತ್ರೆಯೊಂದರಿಂದಲೇ ಎಲ್ಲ ಸರಿಹೋಗದು ಎಂದರು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆಗೆ ಹೊತ್ತು ತಿಳಿಯುತ್ತದೆ. ದೂರ ನೋಡಿದರೆ ಕಣ್ಣಿಗೆ ಬಿಡುವು. ಮೈಗೆ ಗಾಳಿ, ನಾಲ್ಕು ಜನರ ಮುಖ, ಒಂದಿಷ್ಟು ನಡಿಗೆ ಸಿಕ್ಕರೆ ಮನಸ್ಸೂ ಹಗುರಾಗುತ್ತದೆ. ಇಷ್ಟು ಹೇಳಿ, ದಿನವಿಡೀ ಎಲ್ಲಿ ಕೂರುತ್ತೀರಿ ಎಂದು ಕೇಳಿದರು. ಕಾಜಾ ಅಣ್ಣ ತಮ್ಮನ ಕಡೆ ನೋಡಲಿಲ್ಲ.

“ಒಳಗೇ, ಡಾಕ್ಟ್ರೇ. ನನಗೇ ಹೊರಗೆ ಆಗಿಬರಲ್ಲ. ಧೂಳು.”

ಟೈಲರ್ ಪಕ್ಕದಲ್ಲೇ ಇದ್ದ. ಸುಳ್ಳು ಎನ್ನಲು ಬಾಯಿ ತೆರೆದರೆ ಸಾಕಿತ್ತು. ಅವನು ಚೀಟಿಯಲ್ಲಿದ್ದ ಮಾತ್ರೆಯ ಹೆಸರನ್ನು ಓದುತ್ತಿರುವವನಂತೆ ತಲೆ ತಗ್ಗಿಸಿದ. ತನ್ನ ಮರ್ಯಾದೆಗೆಂದು ಅಣ್ಣನನ್ನು ಮೂಲೆಗೆ ತಳ್ಳಿದ್ದು ಒಂದಾದರೆ, ಆ ಮರ್ಯಾದೆಯನ್ನು ಈಗಲೂ ಅಣ್ಣನೇ ಕಾಯುತ್ತಿರುವುದು ಇನ್ನೊಂದು. ದಾರಿಯುದ್ದಕ್ಕೂ ಅವನು ಒಂದು ಹೆಜ್ಜೆ ಹಿಂದೆಯೇ ನಡೆದ.

ಮರುದಿನ ಅಣ್ಣ ಯಥಾಪ್ರಕಾರ ಕನ್ನಡಿಯ ಹಿಂದೆ ಹೋಗಿ ಕೂತ. ಹೊರಗೆ ಕೂರು ಎನ್ನಬೇಕಾದರೆ, ಅಂದು ನಾನು ಆಡಿದ್ದು ತಪ್ಪು ಎಂಬ ಮಾತೂ ಜೊತೆಗೆ ಬರಬೇಕಿತ್ತು. ಅದನ್ನು ಆಡಲಾರದೆ ಟೈಲರ್ ಒಂದು ಉಪಾಯ ಹೂಡಿದ. ಗಾಢ ಹಸಿರು ಬಟ್ಟೆಯನ್ನೂ ದಾರದ ಉಂಡೆಗಳನ್ನೂ ಕೊಟ್ಟು, ಈ ದೀಪದಲ್ಲಿ ಬಣ್ಣ ಗೊತ್ತಾಗುತ್ತಿಲ್ಲ, ಮೇಲೆ ಹೋಗಿ ಹೊಂದಿಸಿಕೊಂಡು ಬಾ, ಅವಸರವಿಲ್ಲ ಎಂದ. ಅಣ್ಣ ಹೋದ. ಬಹಳ ಹೊತ್ತಿನ ಮೇಲೆ ಬಂದ. ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು.

ಅಂದಿನಿಂದ ಅಂಗಡಿಗೆ ಬಂದ ಯಾವ ಬಟ್ಟೆಯ ಬಣ್ಣವೂ ಟೈಲರನಿಗೆ ತಿಳಿಯದಾಯಿತು. ಮನೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಹೆಂಡತಿ, “ವಕೀಲರ ಕೋಟಿಗೆ ಕತ್ತರಿ ಹಾಕೋವಾಗ ಕೈ ನಡುಗಲ್ಲ, ಭಾವನ ಹತ್ರ ಒಂದು ಮಾತಾಡೋಕೆ ನಾಲಿಗೆ ನಡುಗುತ್ತಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದುಹೋದಳು.

ಹೊಸ ಬಟ್ಟೆಗಳು ಮುಗಿದವು. ಉಪಾಯ ಬಿಡಲು ಮನಸ್ಸಾಗದೆ ಟೈಲರ್ ಕೈಗೆ ಸಿಕ್ಕಿದ ನೀಲಿ ಅಂಗಿಯನ್ನೂ ಒಂದು ನೀಲಿ ಉಂಡೆಯನ್ನೂ ಅಣ್ಣನ ಕೈಗಿತ್ತು ಕಳಿಸಿದ. ಅದೇ ಹೊತ್ತಿಗೆ ಅಂದು ನಕ್ಕಿದ್ದ ಆ ವಕೀಲರು, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಟ್ಟಿದ್ದ ಹೊಸ ಕೋಟನ್ನು ತೊಟ್ಟು ನೋಡಲು ಬಂದಿದ್ದರು. ಕಾಜಾ ಅಣ್ಣ ಈ ಸಲ ತಡಮಾಡದೆ ಇಳಿದುಬಂದ. ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಂಕುಳ ಹೊಲಿಗೆಯಿಂದ ಇಳಿಬಿದ್ದಿದ್ದ ಒಂದೆಳೆ ದಾರವನ್ನು ಉಂಡೆಯ ಪಕ್ಕಕ್ಕೆ ಹಿಡಿದ.

“ಈ ಅಂಗೀನ ನಿನ್ನೆ ಇದೇ ಉಂಡೆಯಿಂದ ನೀನೇ ಹೊಲಿದಿದ್ದೀಯ. ಇದಕ್ಕೆ ಇದೇ ಹೊಂದುತ್ತಾ ಅಂತ ನೋಡ್ಕೊಂಡು ಬರ್ಬೇಕಾ ನಾನು?”

ಟೈಲರ್ ಟೇಪನ್ನು ಕೊರಳಿಂದ ತೆಗೆದು ಮತ್ತೆ ಕೊರಳಿಗೇ ಹಾಕಿಕೊಂಡ.

“ಮೊದಲ ದಿನವೇ ಗೊತ್ತಾಯ್ತು ಕಣೋ. ನೀನು ಬಾಯಿ ಬಿಡ್ತೀಯೇನೋ ಅಂತ ಕಾಯ್ತಿದ್ದೆ. ಒಳಗೆ ಬಾ ಅಂತ ಅವತ್ತು ನೇರವಾಗಿ ಹೇಳ್ಬಿಟ್ಟೆ ನೀನು. ಹೊರಗೆ ಕೂತ್ಕೋ ಅನ್ನೋಕೆ ಮಾತ್ರ ಇಷ್ಟೆಲ್ಲ ನಾಟಕ.”

ವಕೀಲರು ಅರೆಹೊಲಿದ ಕೋಟಿನಲ್ಲಿ ಅಲುಗಾಡದೆ ನಿಂತಿದ್ದರು. ಅವರೆದುರಿಗೇ ಮಾನ ಹೋಗುತ್ತದೆಂದು ಟೈಲರ್ ಅಂದು ಅಣ್ಣನನ್ನು ಒಳಗೆ ಕರೆದಿದ್ದ. ಈಗ ಅದೇ ಮನುಷ್ಯನ ಎದುರಿಗೆ ಕಣ್ಣೆತ್ತಲೂ ಆಗದು.

“ನಾನು ಹಾಗೆ ಅನ್ಬಾರ್ದಾಗಿತ್ತು, ಅಣ್ಣ,” ಎಂದ. “ಡಾಕ್ಟರಮ್ಮನ ಮುಂದೆ ಕೂಡ ಸುಮ್ನಿದ್ದೆ.”

“ಹೂಂ. ಇದ್ದೆ,” ಎಂದ ಅಣ್ಣ. ಹೋಗಲಿ ಬಿಡು ಎನ್ನಲಿಲ್ಲ.

ಟೈಲರ್ ಕನ್ನಡಿಯ ಹಿಂದೆ ಹೋಗಿ ಸ್ಟೂಲನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. ಮೊದಲಿದ್ದ ಕಡೆಯೇ ಇಟ್ಟು, ಅಲ್ಲಾಡದಂತೆ ಕಾಲಿನ ಕೆಳಗೊಂದು ಬಟ್ಟೆಯ ಚೂರು ಮಡಚಿಟ್ಟ. ಅಣ್ಣ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಬಂದು ಕೂತ. ಇಷ್ಟು ಎತ್ತರ ಹತ್ತಿದ್ದಕ್ಕೇ ಏದುಸಿರು ಬರುತ್ತಿತ್ತು. ಟೈಲರ್ ಅದನ್ನು ಕೇಳಿಸಿಕೊಳ್ಳುತ್ತ ನಿಂತ. ಇಷ್ಟು ದಿನ ಮಷೀನಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಿರಲೇ ಇಲ್ಲ.

ಹಿಂದೆಯೇ ಹೆಜ್ಜೆ ಸದ್ದಾಯಿತು. ವಕೀಲರು ಕೋಟಿನ ಸಮೇತ ಮೇಲೆ ಬಂದಿದ್ದರು. ಹೋಗುವವರು ಬರುವವರು ಬಿಳಿ ದಾರದ ಕೋಟನ್ನು ತಿರುಗಿ ತಿರುಗಿ ನೋಡಿದರು. ಕಾಜಾ ಅಣ್ಣ ಕಣ್ಣು ಕಿರಿದು ಮಾಡಿ ಅವರನ್ನು ಬೆಳಕಿಗೆ ತಿರುಗಿಸಿದ.

“ಎಡಗಡೆ ತೋಳು ಇಳಿದಿದೆ ನೋಡು. ಕೆಳಗಿನ ದೀಪದಲ್ಲಿ ನಿನಗೆ ಕಂಡಿರಲ್ಲ.”

ಕಂಡಿರಲಿಲ್ಲ. ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕಿವಿಗಳು ಕೆಂಪಾಗಿ, ಬೀದಿಯ ನಡುವೆಯೇ ಆ ತೋಳನ್ನು ಎತ್ತಿ ಚುಚ್ಚತೊಡಗಿದ.