ಚಿಕ್ಕತಾಯಮ್ಮ ಬರೆದುಕೊಂಡ ಜ್ವರಗಳು

ಭಾರತೀನಗರದ ಪಕ್ಕದ ಹಳ್ಳಿಯೊಂದರಲ್ಲಿ ಚಿಕ್ಕತಾಯಮ್ಮ ಆಶಾ ಕಾರ್ಯಕರ್ತೆ. ದಡಾರದ ಲಸಿಕೆ ಹಾಕಿಸಿದ ಮೇಲೆ ಮನೆಮನೆಗೆ ಹೋಗಿ, ಯಾವ್ಯಾವ ಮಗುವಿಗೆ ಜ್ವರ ಬಂತೆಂದು ಕೇಳಿ ಬರೆದುಕೊಂಡಳು. ಒಂಬತ್ತು ಮಕ್ಕಳಿಗೆ ಬಂದಿತ್ತು; ಜ್ವರ ಇಳಿಯುವವರೆಗೆ ದಿನವೂ ಹೋಗಿ ಪಕ್ಕದಲ್ಲಿ ಕೂತು ನೋಡಿಕೊಂಡಳು.

ತಿಂಗಳ ಸಭೆಯಲ್ಲಿ ತಾಲ್ಲೂಕಿನ ಆರೋಗ್ಯ ಅಧಿಕಾರಿ ರೇಗಿದರು. “ಬೇರೆ ಊರಲ್ಲೆಲ್ಲ ಸೊನ್ನೆ. ನಿಮ್ಮೂರಲ್ಲಿ ಮಾತ್ರ ಯಾಕಮ್ಮ ಒಂಬತ್ತು?”

“ಅವ್ರು ಕೇಳಿಲ್ಲ ಸಾ, ನಾನು ಕೇಳ್ದೆ.”

ಸೊನ್ನೆ ಬರೆದವರಿಗೆ ಅಂದು ಪ್ರಶಂಸಾಪತ್ರ ಸಿಕ್ಕಿತು.

ಜ್ವರ ಬಂದಾಗ ಮಗುವಿನ ಪಕ್ಕ ಕೂತವಳನ್ನು ತಾಯಂದಿರು ನಂಬಿದರು. ಎರಡನೇ ಡೋಸು ಯಾರೂ ತಪ್ಪಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಸುತ್ತಲ ಊರುಗಳಿಗೆ ದಡಾರ ಹಬ್ಬಿದರೂ ಇಲ್ಲಿ ಒಂದು ಮಗುವಿಗೂ ಬರಲಿಲ್ಲ.

ಕಾಯಿಲೆ ಮುಚ್ಚಿಟ್ಟಿದ್ದಾಳೆಂದು ಅನುಮಾನಪಟ್ಟು ಅಧಿಕಾರಿಯೇ ಜೀಪಿನಲ್ಲಿ ಬಂದರು. ಮೂವತ್ತು ಮನೆ ಸುತ್ತಿ, ಸುಸ್ತಾಗಿ, ಅವಳು ಕೊಟ್ಟ ಮಜ್ಜಿಗೆ ಕುಡಿದರು.

“ನಿಮ್ಮೂರ ನೀರು ಒಳ್ಳೇದಿರಬೇಕು ಕಣಮ್ಮ,” ಎಂದು ಜೀಪು ಹತ್ತಿದರು.