ಕಮಾನಿನ ಬುಡದಲ್ಲಿ ಒಡೆದ ಕಾಯಿ

ನನ್ನ ಕೆಲಸದ ಜೋಡಿ ಹಟಮಾರಿ. ಅವನನ್ನು ನೆನೆದರೆ ಈಗಲೂ ಮೊದಲು ಬರುವುದು ಸಿಟ್ಟು, ಕಣ್ಣೀರು ಆಮೇಲೆ.

ಎಂಬತ್ತರ ದಶಕದ ಮಾತು. ಸೌದಿಯ ದಮ್ಮಾಮಿನ ಒಂದು ಎಕ್ಸಿಬಿಷನ್ ಹಾಲಿನಲ್ಲಿ ನಾವಿಬ್ಬರೂ ಬಡಗಿಗಳು. ನಾನು ಉಡುಪಿ ಕಡೆಯ ಆಚಾರಿ, ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನ. ಊರಲ್ಲಿ ಆಚಾರಿಗಳ ಜೊತೆ ಮನೆಗಳಿಗೆ ಹೆಂಚಿನ ಮಾಡು ಏರಿಸುತ್ತಲೇ ಅವನು ಕೆಲಸ ಕಲಿತದ್ದು. ಆ ಸಲ ಸ್ಪೇನಿನ ಒಂದು ಹಳೆಯ ಬಂದರು ನಗರದವರು ತಮ್ಮ ಊರಿನ ಪ್ರದರ್ಶನಾಲಯ, ಕಲಾಕೇಂದ್ರಗಳನ್ನು ಇಲ್ಲಿಯ ವ್ಯಾಪಾರಿಗಳಿಗೆ ತೋರಿಸಲು ಬರುವವರಿದ್ದರು. ಗೋಡೆ ತುಂಬ ಫೋಟೋ: ಉಪ್ಪಿನ ಗೋದಾಮು ಈಗ ಚಿತ್ರಶಾಲೆ, ಕಡಲ ದಂಡೆಯ ಕೋಟೆ ಈಗ ಸಂಗೀತದ ಜಾಗ, ಹಿಂದೆ ಹಡಗು ಕಟ್ಟುತ್ತಿದ್ದ ಕಮಾನಿನ ಕೊಟ್ಟಿಗೆ ಈಗ ಪ್ರದರ್ಶನದ ಹಾಲು. ಆ ಕಮಾನನ್ನೇ ನಾವು ಮರದಲ್ಲಿ ಕಟ್ಟಬೇಕಿತ್ತು. ಜನ ಅದರಡಿಯಿಂದ ಒಳಗೆ ಬರಬೇಕು.

ನಮ್ಮ ಫೋರ್‌ಮನ್ನಿಗೆ ಬಾಯಿಗಿಂತ ಮೊದಲು ಕೈ ಓಡುತ್ತಿತ್ತು. ತಡವಾದರೆ ಕೆನ್ನೆಗೆ, ಎದುರಾಡಿದರೆ ಬೆನ್ನಿಗೆ ಮರದ ರೀಪು. ಒಬ್ಬ ಪೇಂಟರನ ತಲೆಯನ್ನು ಗೋಡೆಗೆ ಜಜ್ಜಿ, ಆ ರಕ್ತದ ಮೇಲೆ ಅವನಿಂದಲೇ ಬಣ್ಣ ಬಳಿಸಿದ್ದ. ದೂರು ಯಾರಿಗೆ ಹೇಳುವುದು? ನಮಗೆ ವೀಸಾ ಕೊಟ್ಟ ಧಣಿ, ಕಫೀಲ್, ಕೇಳುವುದು ಅವನ ಮಾತನ್ನೇ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಕಮಾನು ಮುಗಿಯಿತು. ಆಸರೆಯ ಮರ ತೆಗೆಯಲು ಹೊರಟೆ. ಜೋಡಿ ನನ್ನ ಕೈ ಹಿಡಿದ.

"ಎಂತ ಮಾರಾಯ, ಕಾಯಿ ಒಡೆಯದೆ ಆಸರೆ ತೆಗೀಲಿಕ್ಕುಂಟಾ? ನಾಳೆ ಯಾರದಾದ್ರೂ ತಲೆ ಮೇಲೆ ಬಿದ್ರೆ?"

"ಇದು ನಮ್ಮ ಊರಲ್ಲ. ಪೂಜೆ ಅಂತ ಹಿಡಿದ್ರೆ ನನ್ನನ್ನು ಜೈಲಿಗೆ ಹಾಕಿ ಊರಿಗೆ ಅಟ್ಟುತ್ತಾರೆ. ಸುಮ್ನಿರು."

"ಆಚಾರಿಗೇ ಹೆದರಿಕೆಯಾ? ಬಿಡು, ನಾನೇ ಒಡೀತೇನೆ."

ಸಾರಿಗೆಂದು ತಂದ ಎರಡು ಕಾಯಿ ಅವನ ಚೀಲದಲ್ಲಿದ್ದವು. ನಾನು ತಡೆಯುವಷ್ಟರಲ್ಲಿ ಕಮಾನಿನ ಬುಡದಲ್ಲಿ ಒಂದನ್ನು ಒಡೆದೇಬಿಟ್ಟ. ಸದ್ದಿಗೆ ಫೋರ್‌ಮನ್ ಓಡಿ ಬಂದ.

ಹೋಳು ನೋಡಿದ, ನನ್ನನ್ನು ನೋಡಿದ. ಇಬ್ಬರಲ್ಲಿ ಹಿಂದೂ ನಾನೊಬ್ಬನೇ, ಮತ್ತೆ ವಿಚಾರಣೆ ಯಾಕೆ! ಮೊದಲ ಏಟು ಕಿವಿಗೆ ಬಿತ್ತು. ನೆಲಕ್ಕುರುಳಿದ ಮೇಲೆ ಬೂಟಿನಿಂದ ಪಕ್ಕೆಗೆ, ಹೊಟ್ಟೆಗೆ ಒದ್ದ. "ಇಧರ್ ಪೂಜಾ ಕರ್ತಾ ಹೈ? ಯಲ್ಲಾ, ಪೊಲೀಸ್!" ನನ್ನ ಹಲ್ಲೊಂದು ನಾಲಿಗೆಯ ಮೇಲೆ ಬಂದಿತ್ತು.

ತಾನೇ ಒಡೆದದ್ದು ಎಂದು ಜೋಡಿ ಹಿಂದಿಯಲ್ಲಿ ಕೂಗಿದ. ಫೋರ್‌ಮನ್ ನಕ್ಕುಬಿಟ್ಟ. ಮುಸಲ್ಮಾನ ಕಾಯಿ ಒಡೆಯುತ್ತಾನಂತೆ! ಸ್ನೇಹಿತನನ್ನು ಉಳಿಸುವ ಸುಳ್ಳು ಎಂದುಕೊಂಡು ಮತ್ತೆ ನನ್ನ ಮೇಲೆ ಕಾಲೆತ್ತಿದ.

ಆಗ ಜೋಡಿ ಎರಡನೆಯ ಕಾಯಿ ಹೊರತೆಗೆದ. ನಮ್ಮ ಹಿರಿಯರು ಮಾಡುವ ಹಾಗೆಯೇ ಅದನ್ನು ಕಮಾನಿಗೆ ನಿವಾಳಿಸಿ, ಫೋರ್‌ಮನ್ನಿನ ಬೂಟಿನ ಪಕ್ಕದಲ್ಲೇ ಬಡಿದ. ಒಂದೇ ಏಟಿಗೆ ಎರಡು ಹೋಳು, ಬೂಟಿನ ಮೇಲೆಲ್ಲ ನೀರು.

"ಅಬ್ ದೇಖಾ? ಐಸಾ ತೋಡಾ."

ಫೋರ್‌ಮನ್ ಆಸರೆಯ ಮರವನ್ನೇ ಕಿತ್ತು ಬೀಸಿದ. ಜೋಡಿ ತಲೆಗೆ ಅಡ್ಡ ಹಿಡಿದ ಬಲಗೈ ಮುರಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಬಿದ್ದ ಮೇಲೂ ಬಿಡಲಿಲ್ಲ, ಅದೇ ಕೈಯ ಮೇಲೆ ಮತ್ತೆ ಮತ್ತೆ ಹೊಡೆದ. ಅಯ್ಯೋ, ಕೊಂದೇಬಿಡುತ್ತಾನೆ ಎಂದು ನಾನು ಫೋರ್‌ಮನ್ನಿನ ಕಾಲಿಗೆ ಜೋತುಬಿದ್ದೆ. ಉಳಿದ ಕೆಲಸದವರು ಬಂದು ಹಿಡಿದದ್ದರಿಂದ ಜೀವವೊಂದು ಉಳಿಯಿತು.

ಮರುದಿನ ಸ್ಪೇನಿನವರು ಕಮಾನಿನಡಿ ನಿಂತು ಚಪ್ಪಾಳೆ ತಟ್ಟಿ, ಫೋರ್‌ಮನ್ನಿನ ಕೈ ಕುಲುಕಿದರು. ಥೂ! ಅಲ್ಲಿ ಇರಲು ಬೇಕಾದ ಪರವಾನಗಿ, ನನ್ನ ಇಕಾಮಾ, ಉಳಿಯಿತು. ಜೋಡಿಯದು ರದ್ದಾಯಿತು.

ಏರ್‌ಪೋರ್ಟಿಗೆ ಒಯ್ಯುವ ವ್ಯಾನಿನಲ್ಲಿ ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ. ಬೆರಳುಗಳು ಊದಿ ಕಪ್ಪಾಗಿದ್ದವು. ಇನ್ನು ಆ ಕೈ ಉಳಿ ಹಿಡಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಕಮಾನು ಹೇಗುಂಟು?" ಎಂದು ಕೇಳಿದ.

"ಗಟ್ಟಿ ಉಂಟು."

"ನಾನು ಹೇಳ್ಲಿಲ್ವಾ!" ಎಂದು ನಕ್ಕ, ಹಟಮಾರಿ.